ಆ ಫೈಟ್ ಬೋರಿಂಗ್ ಆಗಿರಲಿಲ್ಲ

2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ನಡೆದ ಮೇವೆದರ್–ಪ್ಯಾಕಿಯಾವೊ ಫೈಟ್ ಬಗ್ಗೆ ಯಾರನ್ನಾದ್ರೂ ಕೇಳಿ, ಸಿಗೋದು ಒಂದೇ ಉತ್ತರ: "ಬೋರು ಗುರು, ಅವನು ಬರೀ ಓಡ್ತಿದ್ದ." ಈ ಮಾತನ್ನ ನಾನು ಒಪ್ಪಲ್ಲ. ಓಡೋದು ಬೇರೆ, ಎದುರಾಳಿಗೆ ಬೇಕಾದ ಜಾಗದಲ್ಲಿ ನಿಲ್ಲದೇ ಇರೋದು ಬೇರೆ.

ಪ್ಯಾಕಿಯಾವೊ ಅಂದ್ರೆ ಎಲ್ಲರಿಗೂ ನೆನಪಾಗೋದು ಕೈವೇಗ. ಆದ್ರೆ ಆ ಕೈಗಳನ್ನ ಗುರಿಯ ಹತ್ತಿರ ತಲುಪಿಸ್ತಿದ್ದದ್ದು ಕಾಲು. ಒಂದೇ ನೆಗೆತಕ್ಕೆ ಒಳಗೆ, ಮೂರ್ನಾಲ್ಕು ಏಟು, ಪಕ್ಕಕ್ಕೆ ತಿರುಗಿ ಹೊರಗೆ. 2008ರಲ್ಲಿ ತನಗಿಂತ ಎತ್ತರದ ಆಸ್ಕರ್ ಡಿ ಲಾ ಹೋಯಾನನ್ನ ಹೀಗೇ ಸುಸ್ತು ಮಾಡಿದ. ಎಂಟು ರೌಂಡ್ ಆದ್ಮೇಲೆ ಹೋಯಾ ಸ್ಟೂಲ್ ಬಿಟ್ಟು ಏಳಲೇ ಇಲ್ಲ.

ಮೇವೆದರ್ ಕೈ ಹಾಕಿದ್ದು ಈ ಕಾಲಿಗೇ. ಪ್ಯಾಕಿಯಾವೊ ಸೌತ್‌ಪಾ, ಅಂದ್ರೆ ಬಲಗಾಲು ಮುಂದೆ, ಜೋರಾದ ಎಡಗೈ ಹಿಂದೆ. ಮೇವೆದರ್ ಅದರ ಉಲ್ಟಾ. ಹೀಗಾಗಿ ಇಬ್ಬರ ಮುಂಗಾಲುಗಳೂ ಎದುರುಬದುರು. ಯಾರ ಮುಂಗಾಲು ಇನ್ನೊಬ್ಬನದರ ಹೊರಗೆ ಬೀಳುತ್ತೋ ಅವನ ಹಿಂಗೈಗೆ ನೇರ ದಾರಿ ಸಿಗುತ್ತೆ. ಜಗಳ ಇರೋದು ಆ ಒಂದೆರಡು ಇಂಚಿಗೆ. ಮೇವೆದರ್‌ನ ರೀಚ್ ಬೇರೆ ಐದು ಇಂಚು ಜಾಸ್ತಿ: 72 ಮತ್ತು 67. ಪ್ಯಾಕಿಯಾವೊ ನೆಗೆಯೋಕೆ ತೂಕ ಹಾಕಿದ ಕ್ಷಣದಲ್ಲಿ ಅರ್ಧ ಹೆಜ್ಜೆ ಹಿಂದೆ ಸರಿದ್ರೆ ಸಾಕು, ಎಂಥಾ ವೇಗದ ಕೈಯಾದ್ರೂ ಗಾಳಿಗೇ.

ಓಡ್ತಿದ್ದ ಅನ್ನೋರಿಗೆ ಒಂದು ಲೆಕ್ಕ ಹೇಳ್ತೀನಿ. ಕಾಂಪುಬಾಕ್ಸ್ ಎಣಿಕೆಯಲ್ಲಿ ಮೇವೆದರ್ ಬಿಟ್ಟ ಪಂಚ್ 435, ತಗುಲಿದ್ದು 148. ಅಟ್ಟಿಸಿಕೊಂಡು ಹೋದ ಪ್ಯಾಕಿಯಾವೊ ಬಿಟ್ಟದ್ದು 429, ತಗುಲಿದ್ದು ಬರೀ 81. ಓಡೋನು ಅಟ್ಟಿಸಿಕೊಂಡು ಬರೋನಿಗಿಂತ ಜಾಸ್ತಿ ಹೊಡೀತಾನಾ ಸ್ವಾಮಿ? ತೀರ್ಪುಗಾರರು ಕೊಟ್ಟದ್ದೂ 118-110, 116-112, 116-112.

ಹೌದು, ಪ್ಯಾಕಿಯಾವೊನ ಬಲ ಭುಜಕ್ಕೆ ಪೆಟ್ಟಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ಅದು ಸಣ್ಣ ವಿಷಯ ಅಲ್ಲ. ಮೇವೆದರ್ ಮಾತೆತ್ತಿದ್ರೆ ತಬ್ಬಿಕೊಳ್ತಿದ್ದದ್ದು ನೋಡೋಕೂ ಚೆನ್ನಾಗಿರಲಿಲ್ಲ, ಅಲ್ಲಿ ನಾನೂ ನಿಮ್ಮ ಪಾರ್ಟಿನೇ. ಆದ್ರೆ ಭುಜ ಸರಿಯಿದ್ದಾಗಲೂ ಇದೇ ಕಾಲು ಅವನಿಗೆ ಕೈಕೊಟ್ಟಿತ್ತು. 2012ರಲ್ಲಿ ಆರನೇ ರೌಂಡ್ ಮುಗಿಯೋಕೆ ಒಂದೇ ಸೆಕೆಂಡ್ ಇದ್ದಾಗ ಮುನ್ನುಗ್ಗಿದ. ಮಾರ್ಕೆಸ್‌ನ ಬಲಗೈ ಅಲ್ಲೇ ಕಾಯ್ತಿತ್ತು. ಮುಖ ಅಡಿಯಾಗಿ ಬಿದ್ದ.

ಇನ್ನೊಂದ್ಸಲ ಆ ಫೈಟ್ ನೋಡಿ, ಸೊಂಟದ ಕೆಳಗಷ್ಟೇ. ನಾಲ್ಕನೇ ರೌಂಡಲ್ಲಿ ಪ್ಯಾಕಿಯಾವೊನ ಎಡಗೈ ಸರಿಯಾಗಿ ಬೀಳುತ್ತೆ, ಮೇವೆದರ್ ಹಗ್ಗಕ್ಕೆ ಒರಗ್ತಾನೆ. ಅಷ್ಟು ಹೊತ್ತು ಅವನ ಕಾಲಿಗೆ ಜಾಗ ಇಲ್ಲ. ಆಗ ನೋಡಿ ಆ ಕೈಗಳ ವೇಗ!