ನಾಯಿಕೇರಿಗೆ ಟಿಕೆಟ್ಟು

ಪಾಳುಬಿದ್ದ ಥೀಮ್ ಪಾರ್ಕುಗಳ ಮುಂದೆ ಕೂತು ಅಳುವವರ ಒಂದು ಹೊಸ ಪಂಗಡ ಹುಟ್ಟಿಕೊಂಡಿದೆ. ಕಾದಂಬರಿಯದೋ ಕಾಮಿಕ್ಕಿನದೋ ಲೋಕವನ್ನು ಮರ ಸಿಮೆಂಟಿನಲ್ಲಿ ಕಟ್ಟಿ, ಕೆಲವು ವರ್ಷ ಟಿಕೆಟ್ಟು ಹರಿದು, ಆಮೇಲೆ ಬಾಗಿಲು ಹಾಕಿಕೊಂಡ ಪಾರ್ಕುಗಳು ಇವು. ತುಕ್ಕು ಹಿಡಿದ ಪುಟಾಣಿ ರೈಲು, ಬಳ್ಳಿ ಹಬ್ಬಿದ ಗುಡಿಸಲು, ಮೂಗು ಮುರಿದ ಬೊಂಬೆ. ಅದರ ಫೋಟೋ ಹಿಡಿದು 'ಅಯ್ಯೋ ಎಂಥಾ ಕಾಲ, ಎಂಥಾ ಮುಗ್ಧತೆ' ಅಂತ ನಿಟ್ಟುಸಿರು ಬಿಡುತ್ತಾರೆ. ಆ ಫೋಟೋಗಳನ್ನು ನಾನೂ ನೋಡಿದೆ. ಅಳು ಬರಲಿಲ್ಲ ಗೆಳೆಯರೇ, ಸಿಟ್ಟು ಬಂತು. ಯಾಕೆ ಅಂತ ಹೇಳುತ್ತೇನೆ, ಕೇಳಿ.

ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ ಓಜಾರ್ಕ್ ಅಂತ ಗುಡ್ಡಗಾಡು. ಅದರೊಳಗೆ ಮಾರ್ಬಲ್ ಫಾಲ್ಸ್ ಅನ್ನುವ ಸಣ್ಣ ಊರು. 1849ರಲ್ಲಿ ವಾಷಿಂಗ್ಟನ್ ಸ್ಮಾರಕಕ್ಕೆ ಅರ್ಕಾನ್ಸಾದ ಪಾಲಿನ ಕಲ್ಲು ಹೋದದ್ದು ಈ ಜಾಗದಿಂದ. ಬಡವರ ಊರಾದರೂ ಹೆಸರಿನಲ್ಲಿ ಅಮೃತಶಿಲೆ ಇತ್ತು. 1968ರ ಮೇ ತಿಂಗಳಲ್ಲಿ ಅಲ್ಲಿ ಡಾಗ್‌ಪ್ಯಾಚ್ ಯುಎಸ್‌ಎ ಅನ್ನುವ ಪಾರ್ಕು ಶುರುವಾಯಿತು. ಅದೇ ವರ್ಷ ಊರಿನ ಹೆಸರನ್ನೂ ಡಾಗ್‌ಪ್ಯಾಚ್ ಅಂತಲೇ ಬದಲಾಯಿಸಿದರು. ಡಾಗ್ ಅಂದರೆ ನಾಯಿ, ಪ್ಯಾಚ್ ಅಂದರೆ ತುಂಡು ನೆಲ. ನಮ್ಮ ಬಾಯಲ್ಲಿ ಹೇಳುವುದಾದರೆ ನಾಯಿಕೇರಿ. ಜನ ಬಾಳುತ್ತಿದ್ದ ಊರಿಗೆ ಕಾಮಿಕ್ಕಿನ ಬೈಗುಳ ವಿಳಾಸವಾಯಿತು. ಹೆಸರಿಡುವವರು ಯಾರು, ಆ ಹೆಸರಲ್ಲಿ ಕರೆಸಿಕೊಳ್ಳುವವರು ಯಾರು ಅನ್ನೋದು ಕೇರಿಯಿಂದ ಬಂದ ನಮಗೆ ಹೊಸ ಪಾಠವೇನೂ ಅಲ್ಲ.

ಈ ನಾಯಿಕೇರಿಯನ್ನು ಮೊದಲು ಕಾಗದದ ಮೇಲೆ ಕಟ್ಟಿದವನು ಅಲ್ ಕ್ಯಾಪ್. 1934ರಿಂದ 1977ರವರೆಗೆ ಪತ್ರಿಕೆಗಳಲ್ಲಿ 'ಲಿಲ್ ಆಬ್ನರ್' ಅನ್ನುವ ಚಿತ್ರಕಥೆ ಬರೆದ. ಅದರಲ್ಲಿ ಗುಡ್ಡದ ಜನ ಸೋಮಾರಿಗಳು, ಕೊಳಕರು, ಪೆದ್ದರು. ಹೆಂಗಸರು ಹರಿದ ಬಟ್ಟೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ. ಅವರ ಮಾತಿನ ಒರಟನ್ನೆಲ್ಲ ಅಕ್ಷರ ತಿರುಚಿ ಬರೆದಿದ್ದಾನೆ, ಓದುವವರು ನಗಬೇಕಲ್ಲ! ಕ್ಯಾಪ್ ಈ ಗುಡ್ಡಗಳವನಲ್ಲ, ಕನೆಕ್ಟಿಕಟ್‌ನ ನ್ಯೂ ಹೇವನ್ ಪಟ್ಟಣದವನು. ಅವನೂ ಬಡವರ ಮನೆಯಲ್ಲೇ ಹುಟ್ಟಿದವನು, ಒಂಬತ್ತನೇ ವಯಸ್ಸಿಗೆ ಟ್ರಾಮಿನಡಿ ಸಿಕ್ಕಿ ಒಂದು ಕಾಲು ಕಳೆದುಕೊಂಡವನು. ಶ್ರೀಮಂತರನ್ನು, ರಾಜಕಾರಣಿಗಳನ್ನು ಅವನ ಪೆನ್ನು ಚುಚ್ಚಿದ್ದೂ ಉಂಟು. ಇಲ್ಲ ಅನ್ನುವುದಿಲ್ಲ. ಆದರೆ ಪಾರ್ಕು ಕಟ್ಟುವವರು ಆ ಚುಚ್ಚುಮಾತನ್ನು ಕೊಂಡುಕೊಂಡರೇ? ಅವರು ಕೊಂಡದ್ದು ಹರಿದ ಬಟ್ಟೆಯನ್ನು, ಬರಿಗಾಲನ್ನು, ಪೆದ್ದನಗೆಯನ್ನು.

ಇನ್ನೊಂದು ಕೇಳಿ. ಪಾರ್ಕಿಗೆ ಗುಡಿಸಲು ಬೇಕಿತ್ತು. ಓಜಾರ್ಕಿನ ಜನ ಹತ್ತೊಂಬತ್ತನೇ ಶತಮಾನದಲ್ಲಿ ಬಾಳಿ ಬದುಕಿದ್ದ ನಿಜವಾದ ಮರದ ದಿಮ್ಮಿಯ ಮನೆಗಳನ್ನೇ ದುಡ್ಡು ಕೊಟ್ಟು ಕೊಂಡು, ಬಿಚ್ಚಿ, ಸಾಗಿಸಿ, ಪಾರ್ಕಿನಲ್ಲಿ ಮತ್ತೆ ನಿಲ್ಲಿಸಿದರು. ಯಾವಳೋ ಒಬ್ಬಳು ಹೆತ್ತ ಮನೆ, ಯಾವನೋ ಒಬ್ಬ ಕೆಮ್ಮಿ ಕೆಮ್ಮಿ ಸತ್ತ ಮನೆ, ಕಾಮಿಕ್ಕಿನ ಪೆದ್ದನ ಮನೆಯಾಯಿತು. ಕಥೆಯಿಂದ ಊರು ಕಟ್ಟಿದರು ಅಂತೀರಲ್ಲ, ಊರನ್ನು ಬಿಚ್ಚಿ ಕಥೆ ಕಟ್ಟಿದ್ದು ಇದು.

ಬಂಡವಾಳ ಹಾಕಿದವರು ಪಕ್ಕದ ಹ್ಯಾರಿಸನ್ ಪಟ್ಟಣದ ವ್ಯಾಪಾರಿಗಳು. ಈ ಹ್ಯಾರಿಸನ್ ಎಂಥಾದ್ದು ಗೊತ್ತೆ? 1900ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಕಪ್ಪು ಜನ ಇದ್ದರು. 1905ರಲ್ಲಿ ಬಿಳಿಯರ ಗುಂಪು ಅವರ ಮನೆಗಳಿಗೆ ಬೆಂಕಿಯಿಟ್ಟು, ಹೊಡೆದು ಊರು ಬಿಡಿಸಿತು. ಉಳಿದ ಕೆಲವರನ್ನು 1909ರಲ್ಲಿ ಓಡಿಸಿದರು. ಆಮೇಲೆ ದಶಕಗಟ್ಟಲೆ ಅದು ಬರೀ ಬಿಳಿಯರ ಊರು. 'ಮುಗ್ಧ ಕಾಲ' ಅಂತ ಹಲುಬುವ ಸ್ವಾಮಿಗಳೇ, ನಿಮ್ಮ ಫೋಟೋದಲ್ಲಿ ಇದು ಯಾಕೆ ಬರಲಿಲ್ಲ? ಪಾರ್ಕಿನೊಳಗೆ ಒಂದು ಪ್ರತಿಮೆಯೂ ಇತ್ತು, ಜನರಲ್ ಕಾರ್ನ್‌ಪೋನ್ ಅನ್ನುವ ಕಾಮಿಕ್ ಸೇನಾನಿಯದು. ಗುಲಾಮಗಿರಿ ಉಳಿಸಲು ಯುದ್ಧಕ್ಕಿಳಿದ ದಕ್ಷಿಣದ ಸೈನ್ಯದಲ್ಲಿ ಸೋತದ್ದೇ ಅವನ ಸಾಹಸ. ಅದೂ ತಮಾಷೆಯೇ! ಬೆನ್ನಿನ ಮೇಲೆ ಬಾಸುಂಡೆ ಇಲ್ಲದವರಿಗೆ ಎಲ್ಲವೂ ತಮಾಷೆ.

'ಆದರೆ ಬಡ ಜನಕ್ಕೆ ಕೆಲಸ ಸಿಕ್ಕಿತಲ್ಲ' ಅನ್ನುತ್ತಾರೆ. ಸಿಕ್ಕಿತು. ಕೂಲಿ ಹುಡುಕಿಕೊಂಡು ಹೋದವರನ್ನು ನಾನು ಒಂದು ಮಾತೂ ಆಡಲಾರೆ, ನಮ್ಮಪ್ಪ ಯಾವ್ಯಾವ ಕೆಲಸಕ್ಕೆ ಹೋದ ಅಂತ ನನಗೆ ಗೊತ್ತು. ನಾನು ಕೇಳೋದು ಕೂಲಿ ಕೊಟ್ಟವನ ಷರತ್ತನ್ನು. ನಿನ್ನ ಗುಡ್ಡದ ಕಸುಬನ್ನು ಈ ಬೇಲಿಯೊಳಗೆ ಕೂತು ಮಾಡು. ಬೇಲಿಯ ಬಾಗಿಲ ಮೇಲೆ ನೀನು ಪೆದ್ದ ಅಂತ ಬರೆದಿರುತ್ತೇವೆ. ಇದಾ ಉದ್ಯೋಗ?

ಈಗ ಬರುವವನು ಈ ಕಥೆಯ ದೊಡ್ಡ ಪಾತ್ರ. 1968ರ ನಂತರ ಪಾರ್ಕು ಜೆಸ್ ಓಡಮ್ ಅನ್ನುವ ಉದ್ಯಮಿಯ ಕೈಗೆ ಬಂತು. ಅವನು ಅದನ್ನು ನಡೆಸಲು ಕರೆತಂದದ್ದು ಆರ್ವಲ್ ಫಾಬಸ್‌ನನ್ನು. 1955ರಿಂದ 1967ರವರೆಗೆ ಅರ್ಕಾನ್ಸಾದ ಗವರ್ನರ್ ಆಗಿದ್ದವನು. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಪಟ್ಟಣದ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಮಂದಿ ಕಪ್ಪು ಮಕ್ಕಳು ಕಾಲಿಡದಂತೆ ಬಂದೂಕಿನ ಸಿಪಾಯಿಗಳನ್ನು ಅಡ್ಡ ನಿಲ್ಲಿಸಿದ್ದನಲ್ಲ, ಅವನೇ. 15 ವರ್ಷದ ಎಲಿಜಬೆತ್ ಎಕ್‌ಫರ್ಡ್ ಪುಸ್ತಕ ಎದೆಗವಚಿಕೊಂಡು ಒಬ್ಬಳೇ ನಡೆಯುತ್ತಿರುವ, ಹಿಂದೆ ಬಿಳಿ ಹುಡುಗಿಯರು ಬಾಯಿ ಹರಿಯುವಂತೆ ಕಿರುಚುತ್ತಿರುವ ಫೋಟೋ ಲೋಕಕ್ಕೆಲ್ಲ ಗೊತ್ತು. ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಅಷ್ಟಕ್ಕೂ ಬಗ್ಗದ ಫಾಬಸ್ 1958ರಲ್ಲಿ ಲಿಟಲ್ ರಾಕ್‌ನ ಹೈಸ್ಕೂಲುಗಳನ್ನೇ ಒಂದು ವರ್ಷ ಮುಚ್ಚಿಸಿದ. ಕಪ್ಪು ಮಕ್ಕಳ ಜೊತೆ ಕೂರುವುದಕ್ಕಿಂತ ಯಾರೂ ಓದದಿದ್ದರೂ ಸರಿ!

ನನ್ನನ್ನು ಕಾಡುವುದು ಇಷ್ಟೇ ಅಲ್ಲ. ಫಾಬಸ್ ಈ ಓಜಾರ್ಕ್ ಗುಡ್ಡದಲ್ಲೇ ಬಡವರ ಮನೆಯಲ್ಲಿ ಹುಟ್ಟಿದವನು. ಅಪ್ಪ ಸಮಾಜವಾದಿ, ಕಾರ್ಮಿಕ ನಾಯಕ ಯೂಜಿನ್ ಡೆಬ್ಸ್‌ನ ನೆನಪಿಗೆ ಮಗನ ಹೆಸರಿನ ನಡುವೆ ಯೂಜಿನ್ ಅಂತ ಸೇರಿಸಿದ್ದ. ಮಗ ಮೊದಲು ಮಾಡಿದ ಕೆಲಸ ಹಳ್ಳಿ ಸ್ಕೂಲಿನಲ್ಲಿ ಮೇಷ್ಟ್ರಗಿರಿ. ಬಡ ಬಿಳಿಯನಿಗೆ ಅವನಿಗಿಂತ ಕೆಳಗಿನವನೊಬ್ಬನನ್ನು ತೋರಿಸಿ, 'ನೀನು ಅವನಿಗಿಂತ ಮೇಲು' ಅಂತ ನಂಬಿಸಿ ಓಟು ತಗೊಂಡ. ಅಧಿಕಾರ ಹೋದ ಮೇಲೆ ಅದೇ ಬಡ ಬಿಳಿಯನನ್ನು ಕೋಡಂಗಿ ಮಾಡಿ ಟಿಕೆಟ್ಟು ಮಾರುವ ಅಂಗಡಿಗೆ ಮ್ಯಾನೇಜರ್ ಆದ. ಏಣಿಶ್ರೇಣಿಯ ಜಾತಿಪದ್ಧತಿ ಹೇಗೆ ನಡೆಯುತ್ತದೆ ಅಂತ ಬಾಬಾಸಾಹೇಬರನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಕೂಲ್ ಡೇಗೆ ಛದ್ಮವೇಷ ಸ್ಪರ್ಧೆ ಇಟ್ಟಿದ್ದರು. ಊರ ದೊಡ್ಡ ಮನೆಯ ಹುಡುಗ ಭಿಕ್ಷುಕನ ವೇಷ ಹಾಕಬೇಕು, ಅವರ ಮನೆಯಲ್ಲಿ ಹರಿದ ಅಂಗಿ ಇಲ್ಲ. ಮೇಷ್ಟ್ರು ನನ್ನ ಅಂಗಿ ಬಿಚ್ಚಿಸಿ ಅವನಿಗೆ ತೊಡಿಸಿದರು. ನಾನು ಬರಿಮೈಯಲ್ಲಿ ಪರದೆ ಹಿಂದೆ ಕೂತಿದ್ದೆ. ಜನ ಬಿದ್ದು ಬಿದ್ದು ನಕ್ಕರು. ಅವನಿಗೆ ಫಸ್ಟ್ ಪ್ರೈಜು, ಒಂದು ಸ್ಟೀಲ್ ಲೋಟ. ಮನೆಗೆ ಹೋದ ಮೇಲೆ ಅವನಿಗೆ ತಲೆಗೆ ನೀರು ಹೊಯ್ದರಂತೆ. ಈ ಪತ್ರಿಕೆ ಓದುವ ಮೇಷ್ಟ್ರುಗಳೇ, ಮುಂದಿನ ಸಲ ವೇಷಗಳ ಪಟ್ಟಿ ಬರೆಯುವಾಗ ಜಾಡಮಾಲಿ, ಕೂಲಿ, ಭಿಕ್ಷುಕ ಅಂತ ಬರೆಯುವ ಮುನ್ನ ಒಮ್ಮೆ ಕ್ಲಾಸಿನ ಹಿಂದಿನ ಬೆಂಚು ನೋಡಿ.

ಓಜ್ ಲೋಕದ ಪಾರ್ಕಿನ ಬಗ್ಗೆಯೂ ಅಳುವವರಿದ್ದಾರೆ. ಉತ್ತರ ಕೆರೊಲಿನಾದ ಬೀಚ್ ಮೌಂಟನ್ ಮೇಲೆ 1970ರಲ್ಲಿ ತೆರೆದು 1980ರಲ್ಲಿ ಮುಚ್ಚಿದ್ದು. ಹಳದಿ ಇಟ್ಟಿಗೆಯ ದಾರಿ, ತಗಡಿನ ಮನುಷ್ಯ, ಎಲ್ಲ ಚೆಂದ. ಆ ಕಥೆ ಬರೆದ ಎಲ್. ಫ್ರಾಂಕ್ ಬಾಮ್, 1890ರ ಡಿಸೆಂಬರಿನಲ್ಲಿ ವೂಂಡೆಡ್ ನೀ ಕಗ್ಗೊಲೆಗೆ ಕೆಲವೇ ದಿನ ಮುಂಚೆ, ಮತ್ತೆ ಅದಾದ ಕೆಲವೇ ದಿನಕ್ಕೆ, ತನ್ನ ಪತ್ರಿಕೆಯಲ್ಲಿ ಅಮೆರಿಕದ ಮೂಲನಿವಾಸಿಗಳನ್ನು ಪೂರ್ತಿ ನಿರ್ನಾಮ ಮಾಡಬೇಕು ಅಂತ ಸಂಪಾದಕೀಯ ಬರೆದ. 2006ರಲ್ಲಿ ಅವನ ವಂಶದವರು ಕ್ಷಮೆ ಕೇಳಿದರು. ಮಕ್ಕಳ ಕಥೆ ತಾನೇ ಅನ್ನುವವರು ಈ ಎರಡು ಸಂಪಾದಕೀಯಗಳನ್ನೂ ಓದಿಕೊಳ್ಳಲಿ.

ಇಂಗ್ಲೆಂಡಿನದು ಇನ್ನೂ ನಾಜೂಕಿನ ಕೆಲಸ. ಕೆಂಟ್‌ನ ಚ್ಯಾಥಮ್‌ನಲ್ಲಿ 2007ರಲ್ಲಿ 'ಡಿಕನ್ಸ್ ವರ್ಲ್ಡ್' ತೆರೆಯಿತು. ಖರ್ಚು 6 ಕೋಟಿ 20 ಲಕ್ಷ ಪೌಂಡು. 1984ರಲ್ಲಿ ಅಲ್ಲಿಯ ಹಡಗುಕಟ್ಟೆ ಮುಚ್ಚಿ ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದಿದ್ದರು. ಕೆಲಸ ಹೋದ ಊರಿಗೆ ಹಳೆಯ ಬಡತನದ ಪ್ರದರ್ಶನ ಬಂತು! ಹಳೇ ಲಂಡನ್ನಿನ ಚರಂಡಿಯೊಳಗೆ ದೋಣಿ ವಿಹಾರ, ನಾತವನ್ನೂ ತಯಾರಿಸಿ ಬಿಟ್ಟಿದ್ದರು. ಮಕ್ಕಳನ್ನು ಹಸಿವಿನಲ್ಲಿಟ್ಟು ಬಡಿಯುವ ಡೂದಿಬಾಯ್ಸ್ ಶಾಲೆಯ ತರಗತಿ, ಅಲ್ಲಿ ಗದರುವ ಮೇಷ್ಟ್ರ ವೇಷದವರು. ಅನಾಥ ಹುಡುಗರಿಂದ ಕಳ್ಳತನ ಮಾಡಿಸುವ ಫೇಗಿನ್‌ನ ಗುಹೆ ಪುಟ್ಟ ಮಕ್ಕಳ ಆಟದ ಜಾಗ. ಮಲದ ನಾತಕ್ಕೆ ದುಡ್ಡು ಕೊಟ್ಟು ಹೋಗುವವರನ್ನು ನಮ್ಮ ಜಾಡಮಾಲಿ ಅಣ್ಣಂದಿರು ನೋಡಬೇಕಿತ್ತು.

ಡಿಕನ್ಸ್ ಏನು ಮಾಡಿದ? 1824ರಲ್ಲಿ ಅಪ್ಪ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲಿಗೆ ಹೋದಾಗ, 12 ವರ್ಷದ ಹುಡುಗ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ, ವಾರಕ್ಕೆ ಆರು ಶಿಲ್ಲಿಂಗ್. ದೊಡ್ಡವನಾಗಿ ಲೋಕವೇ ಹೊಗಳುವಾಗಲೂ ಆ ಅವಮಾನವನ್ನು ಬಾಯಿಬಿಟ್ಟು ಹೇಳಲಾರದೆ ಹೋದ. ಗೆಳೆಯ ಫಾರ್ಸ್ಟರ್ ಕೈಗೆ ಬರೆದು ಕೊಟ್ಟಿದ್ದು, ಅವನು ಸತ್ತ ಮೇಲೆ ಜೀವನಚರಿತ್ರೆಯಲ್ಲಿ ಹೊರಬಂತು. ಅವನು ಎದೆಯೊಳಗೆ ಅಷ್ಟು ಕಾಲ ಮುಚ್ಚಿಟ್ಟದ್ದನ್ನು ಇವರು ಮೇಳ ಮಾಡಿದರು. 2016ರಲ್ಲಿ ಅದೂ ಮುಚ್ಚಿತು. ಸಂತೋಷ.

ಡಾಗ್‌ಪ್ಯಾಚ್ ಮುಳುಗಿದ್ದು ಜನಕ್ಕೆ ಬುದ್ಧಿ ಬಂದು ಅಲ್ಲ. ಬದಿಗೇ ಹಿಮದಾಟದ ರೆಸಾರ್ಟು ಕಟ್ಟಿದರು, ಹಿಮ ಸಾಕಷ್ಟು ಬೀಳಲಿಲ್ಲ, ಸಾಲ ಬೆಳೆಯಿತು, 1980ರ ಹೊತ್ತಿಗೆ ದಿವಾಳಿ. ಕೈ ಬದಲಾಗಿ ಬದಲಾಗಿ 1993ರಲ್ಲಿ ಬೀಗ ಬಿತ್ತು. ಬೀಗ ಬಿದ್ದ ಮೇಲೂ ನಾಲ್ಕು ವರ್ಷ ಊರಿನ ಹೆಸರು ನಾಯಿಕೇರಿಯೇ. 1997ರಲ್ಲಿ ಅದು ಮತ್ತೆ ಮಾರ್ಬಲ್ ಫಾಲ್ಸ್ ಆಯಿತು. ಅಷ್ಟರಲ್ಲಿ 1968ರಲ್ಲಿ ಅಲ್ಲಿ ಹುಟ್ಟಿದ ಮಗುವಿಗೆ 29 ವರ್ಷ ತುಂಬಿತ್ತು.