ಹಬ್ಬದ ರಜೆಯಲ್ಲಿ ಹಿರಿಯ ದಂಪತಿಯ ಸೇವೆ



ಅರವತ್ತು ತುಂಬಿ ನೌಕರಿಯಿಂದ ಬಿಡುಗಡೆಯಾದ ಗಂಡ. ಮಕ್ಕಳ ಮದುವೆ ಮುಗಿಸಿ, ಮೊಮ್ಮಕ್ಕಳ ಮುಖ ಕಂಡ ಹೆಂಡತಿ. ಇಂಥ ದಂಪತಿ ಇಲ್ಲದ ಊರು ಇಂದು ನಮ್ಮ ನಾಡಿನಲ್ಲಿ ಇಲ್ಲ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ ಸೇರಿದ್ದಾರೆ. ಪಿಂಚಣಿ ಬರುತ್ತದೆ. ಮೈಯಲ್ಲಿ ಇನ್ನೂ ಹತ್ತು ಹದಿನೈದು ವರ್ಷದ ಕಸುವಿದೆ. ಇವರಿಗೆ ನಮ್ಮ ಧರ್ಮ, ನಮ್ಮ ಮಠಗಳು, ನಮ್ಮ ಬಸವ ಸಂಘಟನೆಗಳು ಕೊಟ್ಟಿರುವ ಕೆಲಸ ಯಾವುದು? ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿ, ವರ್ಷಕ್ಕೊಮ್ಮೆ ಶಾಲು, ಹಾರ, ಒಂದು ಸನ್ಮಾನ. ಅದಕ್ಕಿಂತ ಹೆಚ್ಚಿನದನ್ನು ನಾವು ಅವರಿಂದ ಕೇಳಿಲ್ಲ.

ಈ ಪ್ರಶ್ನೆಗೆ ದೂರದ ಒಂದು ಧರ್ಮಸಮಾಜ ತನ್ನದೇ ಉತ್ತರ ಕಂಡುಕೊಂಡಿದೆ. ಅದನ್ನು ಒಮ್ಮೆ ನೋಡೋಣ. ಅಮೆರಿಕದಲ್ಲಿ 1830ರಲ್ಲಿ ಜೋಸೆಫ್ ಸ್ಮಿತ್ ಎಂಬಾತ ಸ್ಥಾಪಿಸಿದ, ಜನ ಸಾಮಾನ್ಯವಾಗಿ ಮಾರ್ಮನ್ನರು ಎಂದು ಕರೆಯುವ ಪಂಥವಿದೆ. ಅಂತಿಮ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ ಎಂಬುದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರು. ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಅವರ ಕೇಂದ್ರ. ಅಲ್ಲಿನ ದೊಡ್ಡ ಮಂದಿರದ ಕೆಲಸ 1853ರಲ್ಲಿ ಶುರುವಾಗಿ 1893ರಲ್ಲಿ ಮುಗಿಯಿತು; ನಲವತ್ತು ವರ್ಷ ಹಿಡಿಯಿತು. ನಮಗೂ ಇವರು ಪೂರಾ ಅಪರಿಚಿತರಲ್ಲ. ಭಾರತದ ತಮ್ಮ ಮೊದಲ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಇವರು 2018ರ ಏಪ್ರಿಲ್‌ನಲ್ಲಿ ಘೋಷಿಸಿದರು. 2020ರ ಡಿಸೆಂಬರ್‌ನಲ್ಲಿ ಅದರ ಕೆಲಸ ಆರಂಭವಾಯಿತು.

ಈ ಪಂಥದ ಹುಡುಗರು ಬಿಳಿ ಅಂಗಿ, ಟೈ ಧರಿಸಿ ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಎರಡು ವರ್ಷ ಧರ್ಮಪ್ರಚಾರ ಮಾಡುವುದು ಲೋಕಕ್ಕೆಲ್ಲ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ವ್ಯವಸ್ಥೆ ಅವರಲ್ಲಿದೆ. ಅದು ಹಿರಿಯ ದಂಪತಿಗಳ ಸೇವೆ. ಮಕ್ಕಳ ಜವಾಬ್ದಾರಿ ಮುಗಿಸಿದ ಗಂಡ ಹೆಂಡತಿ ಇಬ್ಬರೂ ಕೂಡಿ ಅರ್ಜಿ ಹಾಕುತ್ತಾರೆ. ಆರೋಗ್ಯ ತಪಾಸಣೆ ಆಗುತ್ತದೆ. ಊರಿನ ಸಭೆಯ ಹಿರಿಯರು ಅವರನ್ನು ಮಾತನಾಡಿಸುತ್ತಾರೆ. ಬಳಿಕ ಎಲ್ಲಿಗೆ ಹೋಗಬೇಕು, ಏನು ಮಾಡಬೇಕು, ಎಷ್ಟು ಕಾಲ ಎಂಬುದನ್ನು ತಿಳಿಸುವ ಪತ್ರ ಕೇಂದ್ರದಿಂದ ಬರುತ್ತದೆ. ಅವಧಿ ಆರು ತಿಂಗಳಿಂದ ಇಪ್ಪತ್ತಮೂರು ತಿಂಗಳವರೆಗೆ. ಸಂಬಳವಿಲ್ಲ. ಮನೆ ಬಾಡಿಗೆ, ಊಟ, ಓಡಾಟ ಎಲ್ಲಕ್ಕೂ ಅವರದೇ ಉಳಿತಾಯದ ಹಣ. ಕೆಲವರು ಆಸ್ಪತ್ರೆ ಕೆಲಸಕ್ಕೆ, ಕೆಲವರು ಹಳೆಯ ದಾಖಲೆ ಕಾಪಾಡುವ ಕೆಲಸಕ್ಕೆ, ಕೆಲವರು ಬಡವರಿಗೆ ನೆರವಾಗುವ ಕೆಲಸಕ್ಕೆ, ಇನ್ನು ಕೆಲವರು ಮಂದಿರದ ಸೇವೆಗೆ ಹೋಗುತ್ತಾರೆ.

ಮಂದಿರದ ಸೇವೆಗೆ ಹೋದ ದಂಪತಿಯ ದಿನಚರಿಯಲ್ಲಿ ಹೊಗಳಿಕೆಗೆ ಆಸ್ಪದವೇ ಇಲ್ಲ. ಹತ್ತಿರದಲ್ಲೊಂದು ಚಿಕ್ಕ ಮನೆ. ಸರದಿ ಬಂದ ದಿನ ಬೆಳಗಿನ ಜಾವಕ್ಕೇ ಏಳಬೇಕು. ಬಿಳಿಯ ಬಟ್ಟೆ ತೊಟ್ಟು ಗಂಟೆಗಟ್ಟಲೆ ನಿಲ್ಲಬೇಕು. ಬಂದವರನ್ನು ಬರಮಾಡಿಕೊಳ್ಳುವುದು, ದಾರಿ ತೋರಿಸುವುದು, ವಿಧಿಗಳನ್ನು ನಡೆಸಿಕೊಡುವುದು, ಬಟ್ಟೆ ಒಗೆದು ಮಡಿಸುವುದು. ನಿನ್ನೆಯವರೆಗೆ ಕಂಪನಿ ನಡೆಸಿದವರೂ, ಶಾಲೆಯಲ್ಲಿ ಪಾಠ ಹೇಳಿದವರೂ, ಹೊಲ ಉತ್ತವರೂ ಅಲ್ಲಿ ಒಂದೇ ಬಗೆಯ ಬಿಳಿ ಉಡುಪಿನಲ್ಲಿರುತ್ತಾರೆ.

ಅವರ ನಿಜವಾದ ಪರೀಕ್ಷೆ ಹಬ್ಬದ ರಜೆಯಲ್ಲಿ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಕೃತಜ್ಞತೆಯ ಹಬ್ಬ. ಅಲ್ಲಿಂದ ಕ್ರಿಸ್‌ಮಸ್, ಹೊಸ ವರ್ಷದವರೆಗೆ ಚದುರಿದ ಮನೆಯವರೆಲ್ಲ ಒಂದೆಡೆ ಸೇರುವ ಕಾಲ. ನಮ್ಮಲ್ಲಿ ದೀಪಾವಳಿಗೆ ಮಗಳು ತವರಿಗೆ ಬರುವ ಹಾಗೆ. ಸಾಲ್ಟ್ ಲೇಕ್ ಸಿಟಿಯ ಮಂದಿರದ ಆವರಣದಲ್ಲಿ 1965ರಿಂದ ಕ್ರಿಸ್‌ಮಸ್ ದೀಪಗಳನ್ನು ಬೆಳಗಿಸುತ್ತ ಬಂದಿದ್ದಾರೆ. ನೋಡಲು ಜನ ಸೇರುತ್ತದೆ. ಹಬ್ಬದ ದಿನ ಮಂದಿರಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ ನಿಜ. ಆದರೆ ಹಿಂದು ಮುಂದಿನ ದಿನಗಳಲ್ಲಿ ರಜೆ ಸಿಕ್ಕ ವಿದ್ಯಾರ್ಥಿಗಳು, ಕುಟುಂಬಗಳು ಬರುತ್ತಾರೆ. ಆಗ ಕೆಲಸಕ್ಕೆ ಕೈ ಬೇಕು. ಹಾಗಾಗಿ ಬೇರೆ ಅಜ್ಜ ಅಜ್ಜಿಯರ ಮನೆ ಮೊಮ್ಮಕ್ಕಳಿಂದ ತುಂಬಿದಾಗ ಈ ದಂಪತಿ ನೂರಾರು ಮೈಲಿ ದೂರದಲ್ಲಿರುತ್ತಾರೆ. ಮೊಮ್ಮಕ್ಕಳ ಮುಖ ಫೋನಿನ ಪರದೆಯಲ್ಲಿ. ಹಬ್ಬದ ಊಟ ತಮ್ಮಂತೆಯೇ ಮನೆ ಬಿಟ್ಟು ಬಂದ ಇನ್ನಿಬ್ಬರು ಮೂವರು ದಂಪತಿಗಳ ಜೊತೆ. ಅವರೂ ಮನುಷ್ಯರೇ, ಮನಸ್ಸು ಊರ ಕಡೆ ಎಳೆಯದೆ ಇರದು. ಆದರೂ ಒಪ್ಪಿಕೊಂಡ ಅವಧಿ ಮುಗಿಸಿಯೇ ಹಿಂದಿರುಗುತ್ತಾರೆ.

ಇದನ್ನೋದಿ ನಮ್ಮ ಓದುಗರಲ್ಲಿ ಒಂದು ಪ್ರಶ್ನೆ ಏಳುವುದು ಸಹಜ: ಸ್ಥಾವರವನ್ನು ಒಪ್ಪದ ಬಸವಣ್ಣನವರ ಅನುಯಾಯಿಗಳಿಗೆ ಮಂದಿರದ ಸೇವಕರ ಮಾದರಿ ಏಕೆ? ಪ್ರಶ್ನೆ ಸರಿಯಾದದ್ದೇ. ಆ ಮಂದಿರದೊಳಗೆ ಪರಧರ್ಮೀಯರಿಗೆ ಪ್ರವೇಶವಿಲ್ಲ. ಅವರ ಧರ್ಮದವರೇ ಆದರೂ ಹಿರಿಯರ ಒಪ್ಪಿಗೆ ಚೀಟಿ ಇಲ್ಲದೆ ಒಳಗೆ ಹೋಗುವಂತಿಲ್ಲ. ತೀರಿಹೋದ ಪೂರ್ವಿಕರ ಪರವಾಗಿ ದೀಕ್ಷಾಸ್ನಾನ ಮೊದಲಾದ ವಿಧಿಗಳನ್ನು ಬದುಕಿರುವವರು ಮಾಡುತ್ತಾರೆ. ಹೆಣ್ಣುಮಕ್ಕಳಿಗೆ ಅಲ್ಲಿ ಪೌರೋಹಿತ್ಯದ ಅಧಿಕಾರವಿಲ್ಲ. ಕಪ್ಪು ಜನಾಂಗದ ಗಂಡಸರಿಗೆ ಆ ಅಧಿಕಾರ ಸಿಕ್ಕಿದ್ದು 1978ರಲ್ಲಿ. ಅಂಗದ ಮೇಲೆ ಇಷ್ಟಲಿಂಗ ಧರಿಸಿ ದೇಹವೇ ದೇಗುಲವೆಂದು ನಂಬಿದ, ಹನ್ನೆರಡನೆಯ ಶತಮಾನದಲ್ಲಿಯೇ ಹೆಣ್ಣು ಗಂಡು, ಮೇಲು ಕೀಳೆಂಬ ಭೇದ ಅಳಿಸಲು ಹೊರಟ, ಸೂತಕಗಳನ್ನು ತಳ್ಳಿಹಾಕಿದ ಶರಣರ ಮಾರ್ಗಕ್ಕೂ ಇದಕ್ಕೂ ಹೊಂದಿಕೆ ಇಲ್ಲ. ಆದ್ದರಿಂದ ಅವರ ಮಂದಿರ ಅವರಿಗಿರಲಿ. ನಾವು ನೋಡಬೇಕಾದದ್ದು ಅವರ ಶಿಸ್ತನ್ನು.

ಆ ಶಿಸ್ತಿನಲ್ಲಿ ನಾಲ್ಕು ಅಂಶಗಳಿವೆ. ಕೆಲಸ ಇಂಥದ್ದೇ ಎಂದು ಮೊದಲೇ ಗೊತ್ತು. ಅವಧಿ ಗೊತ್ತು. ಖರ್ಚು ಸೇವೆ ಮಾಡುವವರದೇ, ಹಾಗಾಗಿ ಸಂಸ್ಥೆಯ ಮೇಲೆ ಭಾರವಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: ಗಂಡ ಒಬ್ಬನೇ ಹೋಗುವುದಿಲ್ಲ, ಹೆಂಡತಿಯನ್ನು ಅವನ ಬಾಲವಾಗಿಯೂ ಕರೆದೊಯ್ಯುವುದಿಲ್ಲ, ಸೇವೆಗೆ ಕರೆ ಬರುವುದು ಇಬ್ಬರ ಹೆಸರಿಗೂ.

ಈ ನಾಲ್ಕನೆಯ ಮಾತು ನಮಗೆ ಹೊಸದಲ್ಲ. ಅದು ನಮ್ಮ ಮನೆಯದೇ ಆಸ್ತಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆಸೆ ನಮಗೇಕೆಂದು ತಡೆದು ಅದನ್ನು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಕಾಶ್ಮೀರದ ಅರಸನಾಗಿದ್ದು ಎಲ್ಲ ತೊರೆದು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿದನೆಂದು ಪರಂಪರೆ ಹೇಳುವ ಮೋಳಿಗೆ ಮಾರಯ್ಯನ ಜೊತೆ ರಾಣಿ ಮಹಾದೇವಿಯೂ ಬಂದಳು, ದಾಸೋಹದಲ್ಲಿ ನಿಂತಳು. ಇಬ್ಬರು ಹೆಣ್ಣುಮಕ್ಕಳೂ ಸ್ವಂತ ವಚನ ಬರೆದವರು, ಗಂಡನಿಗೆ ಅರಿವು ಹೇಳಿದವರು. ಇವರ ಹೆಸರನ್ನು ನಾವು ಭಾಷಣದಲ್ಲಿ ಹೇಳುತ್ತೇವೆ, ಭವನಗಳಿಗೆ ಇಡುತ್ತೇವೆ. ಆದರೆ ನಮ್ಮ ಸಂಘಟನೆಗಳಲ್ಲಿ ದಂಪತಿಯಾಗಿ ಸೇವೆ ಸಲ್ಲಿಸಲು ಒಂದು ಏರ್ಪಾಡಿದೆಯೇ?

ಸೇವೆಯ ಮನಸ್ಸು ನಮ್ಮಲ್ಲಿ ಇಲ್ಲವೆಂದಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿಹಳ್ಳಿಯ ತಾಯಂದಿರು ರೊಟ್ಟಿ ತಟ್ಟಿ ಕಳಿಸುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನಿಲ್ಲದೆ ನಡೆದಿದೆ. 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಸ್ವಾಮೀಜಿಯವರು ನೂರು ದಾಟಿದ ಮೇಲೂ ಕಾಯಕ ಬಿಡಲಿಲ್ಲ. ವಯಸ್ಸಾಯಿತು ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಕೊರತೆ ಇರುವುದು ಬೇರೆ ಕಡೆ. ಜಾತ್ರೆಯ ಮೂರು ದಿನಕ್ಕೆ ಸಾವಿರ ಕೈ ಸಿಗುತ್ತವೆ, ಜಾತ್ರೆ ಮುಗಿದ ನಾಲ್ಕನೆಯ ದಿನಕ್ಕೆ ಸಿಗುವುದಿಲ್ಲ. ಭಕ್ತಿ ಹಬ್ಬದ ದಿನ ಉಕ್ಕುತ್ತದೆ. ಕೆಲಸ ವರ್ಷವಿಡೀ ಇರುತ್ತದೆ.

ರಜೆಯ ಮಾತನ್ನೇ ತೆಗೆದುಕೊಳ್ಳಿ. ದಸರೆಗೋ ಬೇಸಿಗೆಗೋ ಪ್ರಸಾದ ನಿಲಯಗಳ ಮಕ್ಕಳು ಊರಿಗೆ ಹೊರಡುತ್ತಾರೆ. ಹೋಗಲು ಮನೆಯೇ ಇಲ್ಲದ ಮಕ್ಕಳು ಉಳಿಯುತ್ತಾರೆ. ತಂದೆ ತಾಯಿ ಇಲ್ಲದವರು, ತಾಯಿ ಇದ್ದೂ ದುಡಿಯಲು ಗುಳೆ ಹೋದವರು. ಅಡುಗೆಯವರಿಗೂ ಮನೆ ಇದೆ, ಅವರಿಗೂ ರಜೆ ಬೇಕು. ಆ ಹದಿನೈದು ದಿನ ನಿಲಯದ ಮೌನದಲ್ಲಿ ಉಳಿದ ಆ ಹತ್ತು ಮಕ್ಕಳಿಗೆ ಒಬ್ಬ ಅಜ್ಜ, ಒಬ್ಬ ಅಜ್ಜಿ ಸಿಕ್ಕರೆ? ಹೋಳಿಗೆ ಮಾಡಿ ಬಡಿಸುವ ಒಂದು ಕೈ, ಲೆಕ್ಕ ಹೇಳಿಕೊಡುವ ಒಂದು ಬಾಯಿ, ಜ್ವರ ಬಂದಾಗ ಹಣೆ ಮುಟ್ಟಿ ನೋಡುವ ಒಬ್ಬರು ಸಿಕ್ಕರೆ? ಅಮೆರಿಕದಲ್ಲಿರುವ ಮೊಮ್ಮಗನ ಫೋನಿಗಾಗಿ ಕಾದು ಕುಳಿತ ಅಜ್ಜಿಗೂ, ಬಂದು ಕರೆದೊಯ್ಯುವವರಿಗಾಗಿ ಬಾಗಿಲು ನೋಡುವ ಮಗುವಿಗೂ ಇರುವ ಕೊರತೆ ಒಂದೇ. ಇಬ್ಬರನ್ನೂ ಕೂಡಿಸುವುದು ಧರ್ಮದ ಕೆಲಸವಲ್ಲದೆ ಮತ್ತೇನು?

ಕೆಲವು ಆಕ್ಷೇಪಗಳು ಬರಬಹುದು. ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕು ಎಂಬುದು ಒಂದು. ಅಂಥವರು ಹೋಗುವುದು ಬೇಡ. ಮನೆಯ ಕರ್ತವ್ಯವೂ ಕಾಯಕವೇ. ಪಿಂಚಣಿ ಇದ್ದವರಿಗೆ ಸರಿ, ಕೂಲಿ ಮಾಡಿ ಮುಪ್ಪಾದವರಿಗೆ ಹೇಗೆ ಎಂಬುದು ಇನ್ನೊಂದು. ಈ ಮಾತು ಗಟ್ಟಿಯಾದದ್ದು. ಸೇವೆ ಉಳ್ಳವರ ಹವ್ಯಾಸವಾಗಬಾರದು. ಕೈಲಾಗದ ದಂಪತಿಯ ಪ್ರಸಾದ, ವಸತಿಯನ್ನು ಮಠ ವಹಿಸಿಕೊಳ್ಳಲಿ, ಉಳ್ಳವರು ತಮ್ಮದನ್ನು ತಾವೇ ಭರಿಸಲಿ. ಸೇವೆಗೆ ಬಂದ ಹೆಂಡತಿಯನ್ನು ಮತ್ತೆ ಅಡುಗೆಮನೆಗೇ ದೂಡುತ್ತೀರಾ ಎಂದು ತಾಯಂದಿರು ಕೇಳಬಹುದು. ಕೇಳಲೇಬೇಕು. ಗಂಡಸಿಗೆ ಅರವತ್ತಕ್ಕೆ ನಿವೃತ್ತಿ ಇದೆ, ಒಲೆಯ ಮುಂದೆ ನಿಂತವಳಿಗೆ ಎಂದೂ ಇಲ್ಲ. ಆದ್ದರಿಂದ ಪಾತ್ರೆ ತೊಳೆಯುವ ಸರದಿ ಗಂಡನಿಗೂ, ವಚನ ಪಾಠ ಹೇಳುವ ಸರದಿ ಹೆಂಡತಿಗೂ ಬರುವಂತೆ ಮೊದಲ ದಿನವೇ ಬರೆದಿಡಬೇಕು. ಇನ್ನು ಸಂಗಾತಿಯನ್ನು ಕಳೆದುಕೊಂಡವರು. ಮಾರ್ಮನ್ನರಲ್ಲಿ ಒಂಟಿಯಾದ ಹಿರಿಯ ಮಹಿಳೆಯರಿಗೂ ಸೇವೆಯ ಅವಕಾಶವಿದೆ. ವಿಧವೆಯನ್ನು ಅಮಂಗಳವೆನ್ನುವ ರೂಢಿಯನ್ನು ಶರಣ ಧರ್ಮ ಒಪ್ಪುವುದಿಲ್ಲ. ಆಕೆಯನ್ನು ಮುಂದೆ ನಿಲ್ಲಿಸಿ ಅದನ್ನು ತೋರಿಸಲು ಇದೂ ಒಂದು ದಾರಿ.

ಆದ್ದರಿಂದ ಪೂಜ್ಯರಲ್ಲಿ, ಸಂಘಟನೆಗಳ ಪದಾಧಿಕಾರಿಗಳಲ್ಲಿ ನಮ್ಮ ವಿನಂತಿ ಇಷ್ಟು. ಪ್ರತಿ ಮಠ ತನ್ನಲ್ಲಿರುವ ಕೆಲಸಗಳ ಪಟ್ಟಿ ಮಾಡಲಿ: ಪ್ರಸಾದ ನಿಲಯ, ಸಂಜೆ ಪಾಠ, ಗ್ರಂಥಾಲಯ, ಗೋಶಾಲೆ, ಲೆಕ್ಕಪತ್ರ, ಆಸ್ಪತ್ರೆಗೆ ಬಂದ ಬಡ ರೋಗಿಗಳ ನೆರವು. ಒಂದು ಕೋಣೆ ಮೀಸಲಿಡಲಿ. ಮೊದಲಿಗೆ ಒಂದು ರಜೆಯ ಅವಧಿ, ಬಳಿಕ ಮೂರು ತಿಂಗಳು, ಆರು ತಿಂಗಳು ಎಂದು ಗೊತ್ತು ಮಾಡಲಿ. ಒಳಪಂಗಡ ಕೇಳದೆ ಕರೆಯಲಿ. ಉಪಪಂಗಡದ ಲೆಕ್ಕ ಹಾಕುತ್ತ ಮದುವೆ ಮಾಡುವ ನಾವು ಸೇವೆಯಲ್ಲಾದರೂ ಒಂದೇ ಪಂಕ್ತಿಯಲ್ಲಿ ಕೂರೋಣ. ಅವಧಿ ಮುಗಿದ ದಿನ ಹಾರ ಶಾಲು ಬೇಡ. ಮಕ್ಕಳು ಬಾಗಿಲವರೆಗೆ ಬಂದು ಬೀಳ್ಕೊಟ್ಟರೆ ಸಾಕು.

ಓದುಗರಾದ ಹಿರಿಯರಲ್ಲಿಯೂ ಒಂದು ಮಾತು. ಮಠದಿಂದ ಕರೆ ಬರಲೆಂದು ಕಾಯಬೇಡಿ. ಈ ಬಾರಿಯ ರಜೆಗೆ ಮುನ್ನ ನೀವಿಬ್ಬರೂ ಕೂತು ಮಾತನಾಡಿ. ನಿಮ್ಮ ಊರಿಗೆ ಹತ್ತಿರದ ಪ್ರಸಾದ ನಿಲಯಕ್ಕೆ ಹೋಗಿ, ರಜೆಯಲ್ಲಿ ಇಲ್ಲಿ ಎಷ್ಟು ಮಕ್ಕಳು ಉಳಿಯುತ್ತಾರೆ ಎಂದು ಕೇಳಿ. ಉತ್ತರ ಕೇಳಿದ ಮೇಲೆ ಏನು ಮಾಡಬೇಕೆಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.