ಹೊಸ ಮನೆಯ ಗೋಡೆಗೆ ಕೈಬರಹದ ದಿನದರ್ಶಿಕೆ

ಗೃಹಪ್ರವೇಶ ಮುಗಿಸಿ ಬಂದ ಭಕ್ತರು ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಒಲೆ ಯಾವ ದಿಕ್ಕಿಗಿರಬೇಕು? ಮಲಗುವಾಗ ತಲೆ ಯಾವ ಕಡೆಗಿರಬೇಕು? ಬಾವಿ ಎಲ್ಲಿ, ಬಚ್ಚಲು ಎಲ್ಲಿ? ಅವನ್ನು ಕೇಳಬಾರದೆಂದು ನಾವು ಹೇಳುವುದಿಲ್ಲ. ಆದರೆ ವೈದ್ಯರಾಗಿ ನಾವು ಮರಳಿ ಕೇಳುವ ಪ್ರಶ್ನೆಯೇ ಬೇರೆ: ನಿಮ್ಮ ಮನೆಯ ಹಿರಿಯರಿಗೆ ಹೊಸ ಮನೆಯಲ್ಲಿ ಹೊತ್ತು ತಿಳಿಯುತ್ತಿದೆಯೇ?

ಈ ಪ್ರಶ್ನೆಯನ್ನು ನಮಗೆ ಕಲಿಸಿದವರು ಇಜೇರಿಯ ಒಬ್ಬ ತಾಯಿ. ಎಪ್ಪತ್ತು ದಾಟಿದವರು. ಊರೊಳಗಿನ ಮಣ್ಣಿನ ಮಾಳಿಗೆಯ ಮನೆಯನ್ನು ಬಿಟ್ಟು, ಊರಂಚಿನಲ್ಲಿ ಮಗ ಕಟ್ಟಿಸಿದ ಆರ್‌ಸಿಸಿ ಮನೆಗೆ ಬಂದಿದ್ದರು. ನಡೆದರೆ ಹತ್ತು ನಿಮಿಷದ ದಾರಿ. ಎರಡೇ ತಿಂಗಳಲ್ಲಿ, ಅದುವರೆಗೆ ಹತೋಟಿಯಲ್ಲಿದ್ದ ರಕ್ತದೊತ್ತಡ ಏರಿತು. ಒಂದು ರಾತ್ರಿ ತಲೆಸುತ್ತಿ ಬಚ್ಚಲಲ್ಲಿ ಬಿದ್ದರು. ಮೂಳೆ ಮುರಿಯಲಿಲ್ಲವೆಂಬುದಷ್ಟೇ ಸಮಾಧಾನ. ನಾವು ಮೊದಲು ಉಪ್ಪಿನಕಾಯಿಯನ್ನು ದೂರಿದೆವು. ಮಗ, "ಅವ್ವಗ ಮರವು ಭಾಳ ಆಗ್ಯಾದ್ರಿ" ಎಂದರು. ಇಬ್ಬರದೂ ತಪ್ಪಾಗಿತ್ತು.

ಮನೆಯಲ್ಲಿದ್ದ ಗುಳಿಗೆಗಳನ್ನೆಲ್ಲ ತರಿಸಿ ಎಣಿಸಿದೆವು. ಬೆಳಗಿನ ಗುಳಿಗೆಗಳು ಲೆಕ್ಕಕ್ಕೆ ಸರಿಯಾಗಿ ಮುಗಿದಿದ್ದವು. ಸಂಜೆಯವು ಬಹುಪಾಲು ಹಾಗೆಯೇ ಉಳಿದಿದ್ದವು. ಬೆಳಗಿನದನ್ನು ಅವರು ಲಿಂಗಪೂಜೆ ಮುಗಿದೊಡನೆ ನುಂಗುತ್ತಿದ್ದರು. ಸಂಜೆಯದನ್ನು? ತಾಯಿಯವರು ಸ್ವಲ್ಪ ಯೋಚಿಸಿ ಹೇಳಿದರು: "ಅಲ್ಲಿ ಸಂಜಿಗಿ ದನಾ ಮನಿಗಿ ಬರ್ತಿದ್ವು. ಇಲ್ಲಿ ಏನ್ ಬರ್ತಾದ?" ಹಳೆಯ ಮನೆಯಲ್ಲಿ ದನಗಳು ಕೊಟ್ಟಿಗೆಗೆ ಬಂದೊಡನೆ ಅವರು ಮೇವು ಹಾಕಿ, ಕೈತೊಳೆದು, ಪಕ್ಕದ ಗೂಡಿನಲ್ಲಿದ್ದ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಹೊಸ ಮನೆಯಲ್ಲಿ ಕೊಟ್ಟಿಗೆಯಿಲ್ಲ, ಗೋಡೆಯಲ್ಲಿ ಗೂಡಿಲ್ಲ, ಮಾಳಿಗೆಯ ಬೆಳಕಿಂಡಿಯಿಂದ ಇಳಿದು ಹೊತ್ತು ಹೇಳುತ್ತಿದ್ದ ಬಿಸಿಲೂ ಇಲ್ಲ. ಅಂಗದ ಮೇಲಿನ ಇಷ್ಟಲಿಂಗ ಅವರೊಡನೆ ಬಂದಿತ್ತು, ಆದ್ದರಿಂದ ಬೆಳಗು ಉಳಿಯಿತು. ಸಂಜೆ ಹಳೆಯ ಮನೆಯಲ್ಲೇ ಉಳಿದುಬಿಟ್ಟಿತ್ತು.

ಇದು ಮರೆವಿನ ರೋಗವಲ್ಲ. ನಮ್ಮ ಅಭ್ಯಾಸಗಳಲ್ಲಿ ಹೆಚ್ಚಿನವು ನೆನಪಿನಲ್ಲಿರುವುದಿಲ್ಲ. ಹೊಸ್ತಿಲು, ಒರಳು, ಬೆಳಕು, ಸಪ್ಪಳಗಳಲ್ಲಿರುತ್ತವೆ. ಮನೆ ಬದಲಾದಾಗ ಮನುಷ್ಯರು ಬರುತ್ತಾರೆ, ಪಾತ್ರೆ ಪಡಗ ಬರುತ್ತವೆ, ಈ ಗುರುತುಗಳು ಬರುವುದಿಲ್ಲ. ಕಿರಿಯರು ಹೊಸ ಗುರುತುಗಳನ್ನು ಬೇಗ ಹಿಡಿಯುತ್ತಾರೆ. ಹಿರಿಯರಿಗೆ ತಿಂಗಳುಗಳೇ ಬೇಕು. ಆ ತಿಂಗಳುಗಳಲ್ಲಿ ತಪ್ಪಿದ ಗುಳಿಗೆ, ತಪ್ಪಿದ ಊಟ, ಕೆಟ್ಟ ನಿದ್ರೆ ಸೇರಿ ದೇಹವನ್ನು ಕೆಡಿಸುತ್ತವೆ.

ವಾಗ್ಭಟಾಚಾರ್ಯರ ಅಷ್ಟಾಂಗಹೃದಯದ ಸೂತ್ರಸ್ಥಾನದ ೩ನೆಯ ಅಧ್ಯಾಯ ಋತುಚರ್ಯೆಗೆ ಮೀಸಲಾಗಿದೆ. ಒಂದು ಋತುವಿನ ಕೊನೆಯ ೭ ದಿನಗಳು ಮತ್ತು ಮುಂದಿನ ಋತುವಿನ ಮೊದಲ ೭ ದಿನಗಳು ಸೇರಿ ಋತುಸಂಧಿಯೆನಿಸುತ್ತವೆ. ಆ ಅವಧಿಯಲ್ಲಿ ಹಳೆಯ ಕ್ರಮವನ್ನು ಮೆಲ್ಲಮೆಲ್ಲನೆ ಬಿಡುತ್ತ, ಹೊಸ ಕ್ರಮವನ್ನು ಮೆಲ್ಲಮೆಲ್ಲನೆ ಹಿಡಿಯಬೇಕು. ಥಟ್ಟನೆ ಬಿಟ್ಟರೂ ಥಟ್ಟನೆ ಹಿಡಿದರೂ ದೇಹಕ್ಕೆ ಒಗ್ಗದೆ ರೋಗ ಹುಟ್ಟುತ್ತದೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಮನೆ ಬದಲಿಸುವುದೂ ಇಂತಹದೊಂದು ಸಂಧಿಯೆಂಬುದು ನಮ್ಮ ಅಭಿಪ್ರಾಯ. ಋತುಸಂಧಿಯನ್ನು ದಾಟಿಸಲು ಪಥ್ಯವುಂಟು. ಗೃಹಸಂಧಿಯನ್ನು ದಾಟಿಸಲು ನಾವು ಸೂಚಿಸುವುದು ಕೈಯಿಂದ ಬರೆದ ದಿನದರ್ಶಿಕೆಯನ್ನು.

ಗೋಡೆಗೆ ಗದಗಿನ ಶಾಬಾದಿಮಠ ಕ್ಯಾಲೆಂಡರ್ ಇದೆಯಲ್ಲ, ಮಗನ ಮೊಬೈಲಿನಲ್ಲಿ ಅಲಾರಾಂ ಇದೆಯಲ್ಲ ಎಂದು ನೀವು ಕೇಳಬಹುದು. ಅಚ್ಚಾದ ಕ್ಯಾಲೆಂಡರ್ ಹಬ್ಬ ಹುಣ್ಣಿಮೆಗಳನ್ನು ಎಲ್ಲರಿಗೂ ಒಂದೇ ಸಮನಾಗಿ ಹೇಳುತ್ತದೆ; ನಿಮ್ಮ ತಾಯಿ ನಿನ್ನೆ ಗುಳಿಗೆ ನುಂಗಿದರೇ ಎಂಬುದನ್ನು ಹೇಳಲಾರದು. ಮೊಬೈಲು ಮಗನೊಡನೆ ಹೊಲಕ್ಕೆ ಹೋಗುತ್ತದೆ. ಮನೆಯಲ್ಲೇ ಇದ್ದರೂ ಅದು ಕೂಗಬಲ್ಲದು, ಅಷ್ಟೆ. ಹಿಂದೆ ನಮ್ಮ ತಾಯಂದಿರು ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ ಇಡುತ್ತಿದ್ದರು. ಹೊಸ ಮನೆಯ ಬಣ್ಣದ ಗೋಡೆಗೆ ಇದ್ದಿಲು ತಾಗಿಸುವಂತಿಲ್ಲ, ಮೊಳೆ ಹೊಡೆಯಲೂ ಮಗ ಒಪ್ಪುವುದಿಲ್ಲ. ಆ ಕೈಗಳಿಗೆ ಗೆರೆ ಎಳೆಯಲು ಒಂದು ಜಾಗವನ್ನಾದರೂ ಮರಳಿ ಕೊಡಬೇಕಲ್ಲವೇ?

ಮಾಡುವ ಬಗೆ ಸರಳ. ೨೨ ಅಂಗುಲ ಅಗಲ, ೨೮ ಅಂಗುಲ ಉದ್ದದ ಒಂದು ಚಾರ್ಟ್ ಹಾಳೆ ಸಾಕು. ಅಗಲಕ್ಕೆ ಮೂರು ಮೂರು ಅಂಗುಲದ ೭ ಮನೆಗಳು, ಉದ್ದಕ್ಕೆ ನಾಲ್ಕು ನಾಲ್ಕು ಅಂಗುಲದ ೬ ಸಾಲುಗಳು. ಮೇಲೆ ಉಳಿಯುವ ೪ ಅಂಗುಲದಲ್ಲಿ ತಿಂಗಳ ಹೆಸರು, ವಾರಗಳ ಹೆಸರು. ತಿಂಗಳು ಶುಕ್ರವಾರವೋ ಶನಿವಾರವೋ ಆರಂಭವಾದರೆ ಆರನೆಯ ಸಾಲು ಬೇಕಾಗಬಹುದು. ಇಲ್ಲವಾದರೆ ಅದು ಟಿಪ್ಪಣಿಗೆ ಉಳಿಯುತ್ತದೆ. ಒಮ್ಮೆಗೆ ಒಂದೇ ತಿಂಗಳು ಬರೆಯಿರಿ. ಗೆರೆಗಳನ್ನು ಮಕ್ಕಳು ಎಳೆಯಲಿ. ಯಾವ ದಿನ ಏನೆಂಬುದನ್ನು ಹಿರಿಯರು ಹೇಳಲಿ. ಓದು ಬಾರದವರಿಗೆ ಬೆಳಗಿಗೆ ಸೂರ್ಯ, ಸಂಜೆಗೆ ಚಂದ್ರ ಬರೆದರಾಯಿತು. ಗುಳಿಗೆ ನುಂಗಿದ ಮೇಲೆ, ನುಂಗಿದವರೇ ತಮ್ಮ ಕೈಯಿಂದ ಚುಕ್ಕೆ ಇಡಬೇಕು. ಮೊದಲೇ ಇಡಬಾರದು, ಬೇರೆಯವರು ಇಡಬಾರದು. ತಪ್ಪಿದ ದಿನ ಖಾಲಿಯೇ ಇರಲಿ. ತಪ್ಪಿತೆಂದು ಮರುದಿನ ಎರಡು ನುಂಗುವುದು ಅಪಾಯ. ನಾವು ಆಯುರ್ವೇದದವರಾದರೂ ಇದನ್ನು ಸ್ಪಷ್ಟವಾಗಿ ಹೇಳುತ್ತೇವೆ: ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಬರೆದುಕೊಟ್ಟ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಮೊದಲ ೧೪ ದಿನಗಳ ಮನೆಗಳಲ್ಲಿ ಹೊಸ ಮನೆಯದೇ ಕೆಲಸಗಳಿರಲಿ: ಬಣ್ಣದ ವಾಸನೆ, ಗಿಲಾವಿನ ತೇವ ಹೋಗುವಂತೆ ಕಿಟಕಿ ತೆರೆಯುವುದು, ದಮ್ಮಿನವರನ್ನು ಹೊಸ ಬಣ್ಣದ ಕೋಣೆಯಲ್ಲಿ ಮಲಗಿಸದಿರುವುದು, ಊಟ, ನಿದ್ರೆಗಳನ್ನು ಹಳೆಯ ಹೊತ್ತಿಗೇ ಉಳಿಸಿಕೊಳ್ಳುವುದು, ವಾತ ಕೆರಳದಂತೆ ಎಳ್ಳೆಣ್ಣೆಯ ಅಭ್ಯಂಗ. ಅನಂತರ ನೀರಿನ ಟಾಕಿ ತೊಳೆಯುವ ದಿನ, ಮಗುವಿನ ಲಸಿಕೆಯ ದಿನ, ಮಂಡಿನೋವು ಹೆಚ್ಚಿದ ದಿನ, ನಿದ್ರೆ ಬಾರದ ರಾತ್ರಿ ಇವೆಲ್ಲವೂ ಹಾಳೆಗೆ ಬರಲಿ.

ಇನ್ನು ಋತುಗಳು. ಶಾಸ್ತ್ರದ ಎಣಿಕೆಯಲ್ಲಿ ಚೈತ್ರ-ವೈಶಾಖ ವಸಂತ, ಜ್ಯೇಷ್ಠ-ಆಷಾಢ ಗ್ರೀಷ್ಮ. ಆದರೆ ನಮ್ಮ ಕಲಬುರಗಿ ಸೀಮೆಯಲ್ಲಿ ವೈಶಾಖಕ್ಕೇ ಬಿಸಿಲು ೪೦ ಡಿಗ್ರಿ ದಾಟುತ್ತದೆ. ಸರ್ಕಾರವೇ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಭಾಗದ ಕಚೇರಿಗಳ ಹೊತ್ತನ್ನು ಬೆಳಗಿನ ೮ ಗಂಟೆಯಿಂದ ಮಧ್ಯಾಹ್ನ ೧.೩೦ಕ್ಕೆ ಬದಲಿಸುತ್ತದೆ. ಕಚೇರಿ ಬದಲಾದರೆ ಮನೆ ಬದಲಾಗಬೇಡವೇ? ದಪ್ಪ ಗೋಡೆಯ ಮಾಳಿಗೆಯ ಮನೆಯಂತಲ್ಲದೆ ಕಾಂಕ್ರೀಟಿನ ಛತ್ತು ಹಗಲಿನ ಶಾಖವನ್ನು ರಾತ್ರಿಯೂ ಬಿಡುತ್ತಿರುತ್ತದೆ. ಹಿರಿಯರು ಪಡಸಾಲೆಗೆ ಮಲಗಲು ಬರುವ ದಿನವನ್ನು ಹಾಳೆಯಲ್ಲಿ ಬರೆಯಿರಿ. ಮಜ್ಜಿಗೆ, ಅಂಬಲಿ ಹೆಚ್ಚಿಸುವ ದಿನವನ್ನೂ ಬರೆಯಿರಿ. ಮಿರಗದ ಮಳೆ ಬಿದ್ದಾಗ ಕುದಿಸಿ ಆರಿಸಿದ ನೀರು, ಹಗುರವಾದ ಊಟ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಸಜ್ಜೆ ರೊಟ್ಟಿ, ಎಳ್ಳು, ಭಜ್ಜಿಗಳು ಹೇಮಂತದ ಬಲವಾದ ಜಠರಾಗ್ನಿಗೆ ತಕ್ಕ ಆಹಾರವೇ. ನಿಮ್ಮ ಮನೆಯ ಋತು ನಿಮ್ಮ ಊರಿನದಾಗಿರಲಿ.

ಸ್ವತಂತ್ರ ಭಾರತವೂ ಇಂತಹ ಕೆಲಸವನ್ನು ಮಾಡಿತು. ೧೯೫೨ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿ, ೧೯೫೭ರ ಮಾರ್ಚ್ ೨೨ರಂದು ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಿತು. ಹೊಸ ಬದುಕಿಗೆ ಕಾಲಿಟ್ಟ ದೇಶ ತನ್ನ ದಿನಗಳನ್ನು ತಾನೇ ಎಣಿಸಬಯಸಿತು. ಹೊಸ ಮನೆಗೂ ಅದು ಸಲ್ಲುತ್ತದೆ.

ಒಂದು ಮಾತನ್ನು ವಿನಯದಿಂದ ಹೇಳಬೇಕು. ಈ ಹಾಳೆಯಲ್ಲಿ ರಾಹುಕಾಲಕ್ಕೆ, ಕೆಟ್ಟ ವಾರಕ್ಕೆ ಜಾಗ ಮಾಡಬೇಡಿ. ಹನ್ನೆರಡನೆಯ ಶತಮಾನದ ನಮ್ಮ ಶರಣರು ವಾರ, ತಿಥಿ, ನಕ್ಷತ್ರಗಳಲ್ಲಿ ಕೇಡನ್ನು ಹುಡುಕಲಿಲ್ಲ; ಪ್ರತಿ ದಿನಕ್ಕೂ ಅದರ ಕಾಯಕವಿದೆಯೆಂದು ನಂಬಿದರು. ಕೈಬರಹದ ದಿನದರ್ಶಿಕೆ ಕೇಳುವುದೂ ಅದನ್ನೇ: ಇಂದಿನ ದಿನ ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ, ಇಂದು ಮಾಡಬೇಕಾದದ್ದು ಆಯಿತೇ ಎಂದು.

ಇಜೇರಿಯ ಆ ತಾಯಿಯವರಿಗೆ ಏಳನೆಯ ತರಗತಿಯ ಮೊಮ್ಮಗಳು ಗೆರೆ ಎಳೆದುಕೊಟ್ಟಳು. ಸಂಜೆಯ ಮನೆಗಳಲ್ಲಿ ಚಂದ್ರನ ಬದಲು ಆಕಳನ್ನು ಬರೆಯಬೇಕೆಂದು ಅಜ್ಜಿ ಹಟ ಹಿಡಿದರಂತೆ. ಮೊದಲ ತಿಂಗಳು ೭ ಸಂಜೆಗಳು ಖಾಲಿ ಉಳಿದವು. ಮೂರನೆಯ ತಿಂಗಳು ಒಂದೇ. ಆ ಹಾಳೆಗಳನ್ನು ಸುರುಳಿ ಸುತ್ತಿ ಅವರು ನಮ್ಮ ಚಿಕಿತ್ಸಾಲಯಕ್ಕೆ ತರುತ್ತಾರೆ. ನಾಡಿ ಹಿಡಿಯುವ ಮೊದಲು ನಾವು ಅದನ್ನೇ ಓದುತ್ತೇವೆ. ಭಕ್ತ ಬಂಧುಗಳು ತಮ್ಮ ಮನೆಯ ಹಿರಿಯರಿಗೂ ಒಂದು ಹಾಳೆ, ಒಂದು ಸೀಸ, ಬಳಿಯಲ್ಲಿ ಕುಳಿತು ಗೆರೆ ಎಳೆಯುವ ಒಂದು ಗಂಟೆಯ ಸಮಯವನ್ನು ಕೊಡಬೇಕೆಂದು ಪ್ರಾರ್ಥಿಸುತ್ತೇವೆ.